ಕುದಿಸಿದ ಕಲ್ಲು

ಸಮುದ್ರಣ್ಣ ಸಮುದ್ರ ನೋಡಿದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಅರ್ಧ ಗಂಟೆ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಸುಸ್ತಾಗಿ ಮರಳಿನ ಮೇಲೆ ಅಂಗಾತ ಮಲಗಿದ್ದವನು ಎದ್ದು ಒಂದು ಬೊಗಸೆ ನೀರು ಮುಟ್ಟುವಷ್ಟರಲ್ಲಿ ಬಸ್ಸಿನವನು ಹಾರ್ನ್ ಹೊಡೆದ. ಆದರೆ ಇಪ್ಪತ್ತೆರಡು ವರ್ಷದಿಂದ ಆತನ ಕಸುಬು ಸಮುದ್ರ ಮಾಡುವುದೇ. ಸೋಸಿ ಸೋಸಿ ಏನೂ ಉಳಿಯದ ನೀರಿಗೆ ಚೀಲದ ಉಪ್ಪು ಸುರಿದು, ಕೋಲಿನಿಂದ ತಿರುವಿ, ಅಳತೆ ನೋಡಿ, ಸಾಲದಿದ್ದರೆ ಇನ್ನೊಂದು ಹಿಡಿ ಹಾಕಿ, ಡ್ರಮ್ಮಿನಲ್ಲಿ ತುಂಬಿಕೊಂಡು ಹೋಗಿ ದೊಡ್ಡವರ ಗಾಜಿನ ತೊಟ್ಟಿಗಳಿಗೆ ಸುರಿದು ಬರುತ್ತಾನೆ. ಹೋಟೆಲಿನ ಹಜಾರ, ಬ್ಯಾಂಕಿನ ಮೇಲಿನ ಮಹಡಿ, ಹಲ್ಲಿನ ಡಾಕ್ಟರ ಕೋಣೆ, ಎಲ್ಲಿ ಬಣ್ಣದ ಮೀನು, ಹವಳ ಕಂಡರೂ ಅದರ ಹಿಂದೆ ಮೊಣಕೈವರೆಗೆ ಒದ್ದೆಯಾದ ಒಬ್ಬ ಮನುಷ್ಯ ಇರುತ್ತಾನೆ ಎಂಬುದು ನಮಗೆ ಹೊಳೆಯುವುದಿಲ್ಲ. ಹೊಳೆಯಬಾರದು ಅಂತಲೇ ಆತ ಹಿಂದಿನ ಬಾಗಿಲಿನಿಂದ ಬರಬೇಕು ಎಂದು ನಿಯಮ ಮಾಡಿರುತ್ತಾರೆ.

ಆತನಿಗೆ ಬೇರೆ ಹೆಸರಿದೆ. ಸಮುದ್ರಣ್ಣ ಅನ್ನುವುದು ಆಸ್ಪತ್ರೆಯ ಲಿಫ್ಟಿನವನು ಇಟ್ಟದ್ದು. ಬಕೆಟ್ಟು ತುಳುಕಿದಾಗಲೆಲ್ಲ ಅವನು, ಇವತ್ತು ಅಲೆ ಜೋರಾಗಿದೆ ಕಣಣ್ಣ ಅನ್ನುವನು, ಈತ ತಲೆ ತಗ್ಗಿಸಿ ನಗುವನು. ಆತ ಕೆಲಸಕ್ಕಿದ್ದ ಮೀನುತೊಟ್ಟಿಯ ಅಂಗಡಿಯ ಯಜಮಾನ ಕರೆಯುತ್ತಿದ್ದದ್ದು "ಲೇ" ಅಂತ. ಗಿರಾಕಿಗಳು ಕರೆಯುವುದೇ ಇಲ್ಲ, ಬೆರಳು ತೋರಿಸುತ್ತಾರೆ. ಲೋಕದಲ್ಲಿ ಒಬ್ಬರು ಮಾತ್ರ ಆತನನ್ನು "ಮರಿ" ಅನ್ನುತ್ತಿದ್ದರು. ಆತನ ಅತ್ತಿಗೆ.

ಅತ್ತಿಗೆ ಆ ಮನೆಗೆ ಬಂದಾಗ ಅವರಿಗೆ ಹದಿನೆಂಟು, ಈತನಿಗೆ ಒಂಬತ್ತು. ತಾಯಿ ಸತ್ತು ಎರಡು ವರ್ಷವಾಗಿದ್ದ ಮನೆ. ಹೊಸ ಸೊಸೆ ಮಾಡಿದ ಮೊದಲ ಕೆಲಸ ಈ ಹುಡುಗನನ್ನು ಹಿಡಿದು ಕೂರಿಸಿ ಕುತ್ತಿಗೆಯ ಕೊಳೆ ತಿಕ್ಕಿದ್ದು. ಹುಡುಗ ಕಿರುಚಿದ್ದಕ್ಕೆ ಎರಡು ಬಿಟ್ಟದ್ದೂ ಆವತ್ತೇ. ಅಲ್ಲಿಂದ ಅವರ ಸಂಬಂಧ ಅದೇ ಬಗೆಯಲ್ಲಿ ನಡೆಯಿತು. ಈತ ಶಾಲೆ ಬಿಟ್ಟ ದಿನ ಅಣ್ಣ ಒಂದು ಮಾತಾಡಲಿಲ್ಲ, ಅತ್ತಿಗೆ ಒಂದು ವಾರ ಮಾತು ಬಿಟ್ಟರು. ಅಣ್ಣ ಲಾರಿಗೆ ಸಿಕ್ಕಿ ಹೋದಮೇಲೆ, ಮಕ್ಕಳಿಲ್ಲದ ಆ ಹೆಂಗಸು, ಮದುವೆಯ ಗೋಜಿಗೇ ಹೋಗದ ಈ ಮೈದುನ, ಒಂದೇ ಬೀದಿಯ ಎರಡು ತುದಿಯಲ್ಲಿ ಒಂದೊಂದು ಕೋಣೆಯಲ್ಲಿದ್ದರು. ಸಂಜೆಯ ಊಟ ಮಾತ್ರ ಅತ್ತಿಗೆಯ ಮನೆಯಲ್ಲಿ. ನಾಲ್ಕು ವರ್ಷದ ಹಿಂದೆ, ತಾನು ನೀರು ಬದಲಿಸಲು ಹೋಗುತ್ತಿದ್ದ ಆಸ್ಪತ್ರೆಯಲ್ಲೇ ಮ್ಯಾನೇಜರನ ಹಿಂದೆ ಬಿದ್ದು, ಬೇಡಿ, ಅತ್ತಿಗೆಗೆ ಸ್ವಚ್ಛತೆಯ ಕೆಲಸ ಕೊಡಿಸಿದ್ದ. ಅದು ತನ್ನ ಬದುಕಿನ ದೊಡ್ಡ ಸಾಧನೆ ಎಂದು ಆತ ನಂಬಿದ್ದ.

ಇಷ್ಟು ಹತ್ತಿರದವರ ನಡುವೆ ಒಂದೇ ಒಂದು ಸುಳ್ಳಿತ್ತು. ತೀರಾ ಚಿಕ್ಕದು. ತೊಟ್ಟಿಯ ಕಲ್ಲು ಮುಟ್ಟುವಾಗ ಸಮುದ್ರಣ್ಣ ಮೊಣಕೈವರೆಗಿನ ರಬ್ಬರ್ ಕೈಗವಸು ಹಾಕುತ್ತಾನೆ, ಕಣ್ಣಿಗೆ ಕನ್ನಡಕ. ಯಾಕೆ ಇಷ್ಟೆಲ್ಲ ವೇಷ ಎಂದು ಅತ್ತಿಗೆ ಒಮ್ಮೆ ಕೇಳಿದ್ದರು. ಉಪ್ಪಿಗೆ ಕೈ ಒಡೆಯುತ್ತೆ ಅತ್ತಿಗೆ ಅಂದಿದ್ದ. ಮಾರನೆಯ ದಿನ ಅವರು ಒಂದು ಪುಟ್ಟ ತಗಡಿನ ಡಬ್ಬಿ ಮುಲಾಮು ತಂದಿಟ್ಟರು. ಅಂದಿನಿಂದ ಊಟವಾದಮೇಲೆ ಅದನ್ನು ಆತನ ಮುಂದೆ ತಳ್ಳುವುದು, ಆತ ಏನೂ ಆಗದ ಕೈಗೆ ಸವರಿಕೊಳ್ಳುವುದು, ವರ್ಷಗಟ್ಟಲೆ ನಡೆಯಿತು.

ನಿಜ ಬೇರೆ ಇತ್ತು. ಸಮುದ್ರದಿಂದ ತರುವ ಕಲ್ಲಿನ ಸಂದಿಯಲ್ಲಿ ಕೆಲವು ಸಲ ಕಂದು ಬಣ್ಣದ ಒಂದು ಜೀವ ಕೂತು ಬರುತ್ತದೆ. ಅಂಗಿಯ ಗುಂಡಿಯಷ್ಟು ದೊಡ್ಡದು, ಅಂಚಿನಲ್ಲಿ ರೆಪ್ಪೆಯಂಥ ಎಳೆಗಳು, ಬೆಳಕು ಬಿದ್ದರೆ ಹೂವಿನ ಹಾಗೆ ಅರಳುತ್ತದೆ. ಈ ಕಸುಬಿನವರು ಅದನ್ನು ಗುಂಡಿ ಎಂದೇ ಕರೆಯುತ್ತಾರೆ. ನೀರಿನಲ್ಲಿ ತನ್ನ ಪಾಡಿಗೆ ಬಿಟ್ಟರೆ ಅದು ಯಾರ ತಂಟೆಗೂ ಬರುವುದಿಲ್ಲ. ಆದರೆ ಅದರ ಮೈಯಲ್ಲಿ ವಿಷವಿದೆ, ಗೀರಿದ ಕೈಗೋ ಕಣ್ಣಿಗೋ ತಾಗಬಾರದು. ಒಣಗಿಸಿ ಕೆರೆದರೆ, ಕುದಿಯುವ ನೀರಿಗೆ ಹಾಕಿದರೆ, ಆ ವಿಷ ಆವಿಯ ಜೊತೆ ಎದ್ದು ಮನುಷ್ಯನ ಎದೆಗೆ ಇಳಿಯುತ್ತದೆ. ಸಮುದ್ರಣ್ಣನಿಗೆ ಕೆಲಸ ಕಲಿಸಿದ ಮುದುಕ ಒಮ್ಮೆ ಮುಚ್ಚಿದ ಬಚ್ಚಲಲ್ಲಿ ಬಿಸಿನೀರು ಬಿಟ್ಟುಕೊಂಡು ಅಂಥ ಕಲ್ಲು ಉಜ್ಜಿ ನಾಲ್ಕು ದಿನ ಮಲಗಿದ್ದನಂತೆ. ಬಾಯಲ್ಲಿ ಕಬ್ಬಿಣ ಚೀಪಿದ ಹಾಗೆ ರುಚಿ, ನಡುಕ, ಎದೆಯ ಮೇಲೆ ಯಾರೋ ಕೂತ ಹಾಗೆ ಭಾರ. ಎದ್ದ ಮೇಲೆ ಶಿಷ್ಯನನ್ನು ಕರೆದು ಎರಡು ಪಾಠ ಹೇಳಿದ. ಒಂದು, ಗುಂಡಿ ಇರುವ ಕಲ್ಲಿಗೆ ಬಿಸಿನೀರು ತೋರಿಸಬೇಡ. ಎರಡು, ಈ ವಿಷಯ ಗಿರಾಕಿಗೆ ಹೇಳಬೇಡ; ಹೇಳಿದರೆ ನಾಳೆಯಿಂದ ಯಾರೂ ತೊಟ್ಟಿ ಇಡಿಸುವುದಿಲ್ಲ, ನಾವೆಲ್ಲ ಬಾಯಿಗೆ ಮಣ್ಣು ಹಾಕಿಕೊಳ್ಳಬೇಕಾಗುತ್ತದೆ.

ಮೊದಲ ಪಾಠ ಜೀವ ಉಳಿಸುವಂಥದು. ಎರಡನೆಯದು ಕಸುಬು ಉಳಿಸುವಂಥದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ಸಮುದ್ರಣ್ಣ ಎರಡನ್ನೂ ಒಂದೇ ನಿಷ್ಠೆಯಿಂದ ಪಾಲಿಸಿದ. ಅತ್ತಿಗೆಗೆ ಹೇಳದಿದ್ದದ್ದು ಮಾತ್ರ ಕಸುಬಿಗಾಗಿ ಅಲ್ಲ. ಹೇಳಿದರೆ ಆಕೆ ನಾಳೆಯೇ ಆ ಕೆಲಸ ಬಿಡು ಅಂತ ತಲೆ ತಿನ್ನುತ್ತಾರೆ ಅನ್ನುವ ಹೆದರಿಕೆ, ಅಷ್ಟೇ.

ಈಗ ಆಸ್ಪತ್ರೆಯ ಕಥೆಗೆ ಬರೋಣ. ಆಸ್ಪತ್ರೆಗೆ ಹೊಸ ಕಟ್ಟಡ ಸೇರಿತು. ಅದರ ಕಾಯುವ ಹಜಾರದಲ್ಲಿ ಗೋಡೆಯುದ್ದಕ್ಕೂ ಆರಡಿಯ ತೊಟ್ಟಿ ಬಂತು. ಹಳೆಯ ಕಟ್ಟಡದಲ್ಲಿದ್ದದ್ದು ಬರೀ ಸಿಹಿನೀರಿನ ಸಣ್ಣ ತೊಟ್ಟಿ. ಇದು ಉಪ್ಪುನೀರಿನದು, ಹವಳದ್ದು. ಮರಳು ಹಾಸಿ, ನಾಲ್ಕು ದೊಡ್ಡ ಕಲ್ಲುಗಳನ್ನು ಒಂದಕ್ಕೊಂದು ಆನಿಸಿ ಗುಹೆಯಂತೆ ಕಟ್ಟಿ, ನೀರು ತುಂಬಿಸಿದ್ದು ಸಮುದ್ರಣ್ಣನೇ. ಎಲ್ಲಕ್ಕಿಂತ ದೊಡ್ಡ ಕಲ್ಲಿನ ಕೆಳಬದಿಯಲ್ಲಿ ಹತ್ತು ಹನ್ನೆರಡು ಗುಂಡಿಗಳಿದ್ದದ್ದು ಆತನ ಕಣ್ಣಿಗೆ ಮೊದಲ ದಿನವೇ ಬಿದ್ದಿತ್ತು. ನೋಡಲು ಚೆನ್ನಾಗಿದೆ, ಇರಲಿ ಅಂದುಕೊಂಡ.

ಹೊಸ ತೊಟ್ಟಿ ಅಂದರೆ ಪಾಚಿ ಬಂದೇ ಬರುತ್ತದೆ. ಅದು ತಪ್ಪೂ ಅಲ್ಲ, ಕೊಳಕೂ ಅಲ್ಲ. ಕಲ್ಲಿನಲ್ಲಿ ಮರಳಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬೇರೂರಿ ಮೀನಿನ ಹೊಲಸನ್ನು ಅರಗಿಸಿಕೊಳ್ಳಲು ಕಲಿಯುವ ತನಕ ನೀರಿಗೆ ಒಂದು ಹದವಿರುವುದಿಲ್ಲ. ಆ ಗಲಾಟೆಯಲ್ಲಿ ಪಾಚಿ ನುಗ್ಗುತ್ತದೆ. ಮೂರನೆಯ ವಾರ ಮರಳಿನ ಮೇಲೆ ಟೀ ಪುಡಿ ಚೆಲ್ಲಿದಂತೆ ಕಂದು ಧೂಳು ಕಂಡಿತು. ಐದನೆಯ ವಾರ ಕಲ್ಲಿಗೆಲ್ಲ ಹಸಿರು ಕೂದಲು. ಸ್ವಾಗತದ ಮೇಜಿನ ಹುಡುಗಿ ಮೂಗು ಮುರಿದಾಗ ಆತ ಸಮಾಧಾನ ಹೇಳಿದ: "ಮಗುವಿಗೆ ಹಲ್ಲು ಬರುವಾಗ ಜ್ವರ ಬರಲ್ವೇನಮ್ಮಾ, ಹಾಗೇ ಇದು. ನೀರಿಗೆ ಹಲ್ಲು ಬರ್ತಾ ಇದೆ."

ಮಾಡಬೇಕಾದ್ದನ್ನೆಲ್ಲ ಆತ ಮಾಡುತ್ತಿದ್ದ. ದಿನಕ್ಕೆ ಆರೇ ಗಂಟೆ ದೀಪ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲು. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಹಸಿರು ಕೂದಲನ್ನು ಸುತ್ತಿ ಸುತ್ತಿ, ಜಡೆಯ ಸಿಕ್ಕು ಬಿಡಿಸುವವನ ಹಾಗೆ ಕಿತ್ತು ಬಕೆಟ್ಟಿಗೆ ಹಾಕುತ್ತಿದ್ದ. ಪಾಚಿ ಮೇಯಲೆಂದು ನಲವತ್ತು ಬಸವನಹುಳು ಬಿಟ್ಟಿದ್ದ. ಇನ್ನೂ ಎರಡು ತಿಂಗಳು ಕಾದಿದ್ದರೆ ತೊಟ್ಟಿ ತಾನಾಗಿ ತಿಳಿಯಾಗುತ್ತಿತ್ತು. ಆದರೆ ಆತ ಹೋದ ಮೇಲೆ ಮ್ಯಾನೇಜರ್ ದೀಪವನ್ನು ಬೆಳಗಿನಿಂದ ರಾತ್ರಿವರೆಗೆ ಉರಿಸುತ್ತಿದ್ದ, ಹಜಾರ ಚೆಂದ ಕಾಣಲಿ ಅಂತ. ಕಾದು ಬೇಸತ್ತ ನಾವು ಮೀನಿಗೆ ಬಿಸ್ಕತ್ತು ಪುಡಿ ಹಾಕುತ್ತಿದ್ದೆವು. ಬೆಳಕೂ ಊಟವೂ ಸಿಕ್ಕಮೇಲೆ ಪಾಚಿಗೆ ಇನ್ನೇನು ಬೇಕು?

"ನಾವು" ಅಂದದ್ದು ಬಾಯಿ ತಪ್ಪಿ ಅಲ್ಲ. ಮಂಡಿನೋವಿಗೆಂದು ಆ ಹಜಾರದಲ್ಲಿ ಕೂತವರಲ್ಲಿ ನಾನೂ ಒಬ್ಬ. ಅಲ್ಲಿಟ್ಟಿದ್ದ ಅನಿಸಿಕೆಯ ಪುಸ್ತಕದಲ್ಲಿ "ತೊಟ್ಟಿ ಗಲೀಜಾಗಿದೆ, ಆಸ್ಪತ್ರೆಗೆ ಶೋಭೆಯಲ್ಲ" ಎಂದು ಬರೆದ ಹನ್ನೊಂದು ಮಂದಿಯಲ್ಲೂ ನಾನೊಬ್ಬ. ಚೆನ್ನಾಗಿ ಬರೆಯುವವನೆಂಬ ಹಮ್ಮಿನಲ್ಲಿ ಬರೆದೆ. ಬರೆದು ಮನೆಗೆ ಹೋಗಿ ಮರೆತೆ.

ಹನ್ನೊಂದು ದೂರು ಮ್ಯಾನೇಜರನ ಮೇಜಿಗೆ ಹೋಯಿತು. ಆಗಲೇ ಬಳಕೆಗೆ ಬಂದಿದ್ದ ಹೊಸ ಕಟ್ಟಡಕ್ಕೆ ಸೋಮವಾರ ಉದ್ಘಾಟನೆ. ಶುಕ್ರವಾರ ಬೆಳಿಗ್ಗೆ ಅವನು ಸಮುದ್ರಣ್ಣನನ್ನು ತೊಟ್ಟಿಯ ಮುಂದೆ ನಿಲ್ಲಿಸಿಕೊಂಡ.

"ಪಾಚಿ ನೋಡೋಕೆ ಜನ ಕೆರೆಗೆ ಹೋಗ್ತಾರಯ್ಯಾ, ಆಸ್ಪತ್ರೆಗೆ ಬರಲ್ಲ. ಸೋಮವಾರ ಒಂದು ಎಳೆ ಹಸಿರು ಕಾಣಬಾರದು ನನಗೆ."

ಸಮುದ್ರಣ್ಣ ದೀಪದ ವಿಷಯ ಹೇಳಿದ, ಬಿಸ್ಕತ್ತಿನ ವಿಷಯ ಹೇಳಿದ, ಕಾಯಬೇಕು ಅಂದ. ಕಲ್ಲು ಆಚೆ ತೆಗೆದು ಬಿಸಿನೀರಲ್ಲಿ ಕುದಿಸಿ ತೊಳೆದರೆ ಆಗಲ್ವೇನು ಎಂದು ಮ್ಯಾನೇಜರ್ ಕೇಳಿದ. ಇಲ್ಲಿಗೆ ಬಂದು ನಿಂತಿತು ನೋಡಿ. ಇಪ್ಪತ್ತೆರಡು ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದವನು ಬಾಯಿ ಬಿಡಬೇಕಿದ್ದ ಗಳಿಗೆ ಅದೇ. ಬಿಟ್ಟ, ಅರ್ಧ ಮಾತ್ರ.

"ಬೇಡ ಸಾರ್. ಬಿಸಿನೀರು ಮಾತ್ರ ತೋರಿಸಬೇಡಿ. ಕಲ್ಲು ಸತ್ತುಹೋಗುತ್ತೆ."

ಅದು ಸುಳ್ಳಲ್ಲ. ಕಲ್ಲಿನೊಳಗಿನ ಸೂಕ್ಷ್ಮಜೀವಿಗಳೆಲ್ಲ ಸಾಯುತ್ತವೆ, ತೊಟ್ಟಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆದರೆ ಹೇಳಬೇಕಾದ ಮಾತು ಅದಾಗಿರಲಿಲ್ಲ. ಮನುಷ್ಯರು ಸಾಯಬಹುದು ಅನ್ನುವುದನ್ನು ನುಂಗಿ, ಕಲ್ಲು ಸಾಯುತ್ತದೆ ಅಂದ. ಮ್ಯಾನೇಜರ್ ಬಿದ್ದು ಬಿದ್ದು ನಕ್ಕ. ಕಲ್ಲು ಸಾಯುತ್ತಂತೆ ಕಣ್ರೀ, ಯಾವ ವಾರ್ಡಿಗೆ ಸೇರಿಸೋಣ ಹೇಳಿ ಎಂದು ಸ್ವಾಗತದ ಮೇಜಿಗೆ ಕೂಗಿ ಹೇಳಿದ. ಅಲ್ಲಿದ್ದವರೆಲ್ಲ ನಕ್ಕರು. ನೆಲ ಒರೆಸುತ್ತಿದ್ದ ಅತ್ತಿಗೆಯೂ ಕೇಳಿಸಿಕೊಂಡರು. ಅವರು ನಗಲಿಲ್ಲ, ಮೈದುನನ ಮುಖ ನೋಡಿದರು.

ಶನಿವಾರ ಸಮುದ್ರಣ್ಣನಿಗೆ ಊರಿನ ಇನ್ನೊಂದು ತುದಿಯ ಹೋಟೆಲಿನಲ್ಲಿ ಕೆಲಸ. ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರ್ ಸ್ವಚ್ಛತೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದ. ಕಲ್ಲು ಬೆಳ್ಳಗಾಗದಿದ್ದರೆ ಸೋಮವಾರದಿಂದ ತೊಟ್ಟಿಯವನು ಈ ಕಡೆ ತಲೆ ಹಾಕುವ ಹಾಗಿಲ್ಲ, ಬೇರೆಯವರನ್ನು ಕರೆಸುತ್ತೇನೆ ಅಂದ. ಯಾರು ಕುದಿಸ್ತೀರಿ ಎಂದು ಕೇಳಿದ. ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದು, ನಮ್ಮ ಹುಡುಗನ ಕೆಲಸ ಸಾರ್ ಅದು, ನಾನೇ ಮಾಡ್ತೀನಿ ಅಂದರು. ಹುಡುಗನಿಗೆ ನಲವತ್ತಾರು ವಯಸ್ಸು.

ನೆಲಮಾಳಿಗೆಯಲ್ಲಿ ಪಾತ್ರೆ ತೊಳೆಯುವ ಕೋಣೆ. ಕಿಟಕಿಯಿಲ್ಲ. ಹಬೆ, ವಾಸನೆ ಆಚೆ ಹೋಗದಿರಲೆಂದು ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂಥದು. ಗ್ಯಾಸಿನ ಒಲೆಯ ಮೇಲೆ ಕ್ಯಾಂಟೀನಿನ ದೊಡ್ಡ ಪಾತ್ರೆ. ಅತ್ತಿಗೆ ಒಂದೊಂದೇ ಕಲ್ಲನ್ನು ಕುದಿಸಿ, ಎತ್ತಿ, ಆವಿ ಏಳುತ್ತಿರುವಾಗಲೇ ತಂತಿಯ ಬ್ರಷ್ಷಿನಿಂದ ತಿಕ್ಕಿದರು. ಸಂದಿಯಲ್ಲಿ ಬ್ರಷ್ಷು ಹೋಗದ ಕಡೆ ಮುಖ ಬಗ್ಗಿಸಿ ಚಮಚದಿಂದ ಕೆರೆದರು. ದೊಡ್ಡ ಕಲ್ಲಿನ ಕೆಳಗೆ ಕಂದು ಬಣ್ಣದ ಗುಂಡಿಗಳು ಲೋಳೆಯಾಗಿ ಅಂಟಿಕೊಂಡಿದ್ದವು. ಅದೂ ಪಾಚಿಯೇ ಇರಬೇಕೆಂದು ಒಂದೂ ಬಿಡದೆ ಕಿತ್ತರು. ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಕ್ಯಾಂಟೀನಿನ ಹೆಂಗಸು ಎರಡು ಸಲ ಪಾತ್ರೆ ಕೇಳಲು ಬಂದು, ಏನಕ್ಕಾ ಇದು ವಾಸನೆ, ಯಾವ ಮೀನು ಬೇಯಿಸ್ತಾ ಇದ್ದೀಯ ಎಂದು ಮೂಗು ಮುಚ್ಚಿಕೊಂಡು ಹೋದಳು.

ಮಧ್ಯಾಹ್ನ ಮೂರಕ್ಕೆ ಅತ್ತಿಗೆಗೆ ಚಳಿ ಹಿಡಿಯಿತು. ಅಲ್ಲಿಯೇ ಇದ್ದ ಡಾಕ್ಟರೊಬ್ಬರು ನಾಡಿ ಹಿಡಿದು, ಋತು ಬದಲಾಗ್ತಾ ಇದೆ, ಎಲ್ಲರಿಗೂ ಬರ್ತಾ ಇದೆ ಎಂದು ಎರಡು ಮಾತ್ರೆ ಕೊಟ್ಟು ಮನೆಗೆ ಕಳಿಸಿದರು.

ಸಂಜೆ ಸಮುದ್ರಣ್ಣ ಊಟಕ್ಕೆ ಹೋದಾಗ ಒಲೆ ಹಚ್ಚಿರಲಿಲ್ಲ. ಅತ್ತಿಗೆ ಹೊದಿಕೆ ಹೊದ್ದು ಗೋಡೆಗೆ ಒರಗಿದ್ದರು. ಮಲಗಿದರೆ ಉಸಿರು ಬರ್ತಾ ಇಲ್ಲ ಅಂದರು. ಆಮೇಲೆ ನಗಲು ಪ್ರಯತ್ನಪಟ್ಟು, ಜ್ವರದ ಬಾಯಿ ಮರಿ, ನೀರು ಕುಡಿದರೂ ಕಬ್ಬಿಣ ಚೀಪಿದ ಹಾಗೆ ಅಂದರು.

ಆ ಮಾತು ಆತ ಮೊದಲೇ ಕೇಳಿದ್ದ.

"ಇವತ್ತು ಏನು ಕೆಲಸ ಮಾಡಿದ್ರಿ ಅತ್ತಿಗೆ?"

"ನಿನ್ನ ಕೆಲಸ ಉಳಿಸಿದೆ ಕಣೋ." ನಡುವೆ ಎರಡು ಸಲ ಕೆಮ್ಮಿದರು. "ನಿನ್ನ ಕಲ್ಲು ಕುದಿಸಿ ತಿಕ್ಕಿದೀನಿ. ಹಾಲಿನ ಹಾಗೆ ಬೆಳ್ಳಗಾಗಿದೆ. ಹೋಗಿ ನೋಡು ಬೇಕಾದ್ರೆ."

"ಕಿಟಕಿ ತೆಗೆದಿದ್ರಾ?"

"ಆ ರೂಮಿಗೆ ಕಿಟಕಿ ಎಲ್ಲಿದೆ ಮರಿ?"

ಪಕ್ಕದ ಮನೆಯವನ ಗಾಡಿಯಲ್ಲಿ ಆತ ಅವರನ್ನು ಮತ್ತೆ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಹತ್ತಿರದಲ್ಲಿ ಇದ್ದದ್ದು ಅದೊಂದೇ. ಹೊಸ ಕಟ್ಟಡದ ಹಜಾರದಲ್ಲಿ ಮ್ಯಾನೇಜರನ ಉಸ್ತುವಾರಿಯಲ್ಲಿ ಕುರ್ಚಿ ಜೋಡಿಸುವ ಕೆಲಸ ನಡೆದಿತ್ತು. ತೊಟ್ಟಿಯಲ್ಲಿ ನಾಲ್ಕು ಬಿಳಿ ಕಲ್ಲು, ಎಲುಬಿನ ಹಾಗೆ. ಅತ್ತಿಗೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿದರು. ತುಟಿ ನೀಲಿಗಟ್ಟಿತ್ತು. ಆ ಹೊತ್ತಿನ ಪಾಳಿಯ ಡಾಕ್ಟರಮ್ಮ, ಚಿಕ್ಕ ವಯಸ್ಸಿನವರು, ಏನಾದರೂ ಹೊಗೆಗಿಗೆ ಕುಡಿದಿದ್ದಾರಾ, ಯಾವುದಾದರೂ ರಾಸಾಯನಿಕ ಬಳಸಿದ್ದಾರಾ ಎಂದು ಕೇಳಿದರು. ಸಮುದ್ರಣ್ಣ ಬಾಯಿ ತೆರೆಯುವ ಮೊದಲೇ ಮ್ಯಾನೇಜರ್ ಆತನ ಮೊಣಕೈ ಹಿಡಿದು ಕಂಬದ ಮರೆಗೆ ಎಳೆದುಕೊಂಡಿದ್ದ.

"ತೊಟ್ಟಿ ಗಿಟ್ಟಿ ಅಂತ ಬಾಯಿ ಬಿಡಬೇಡ. ಸೋಮವಾರ ಕಳೀಲಿ. ಆಕೆಗೆ ಏನು ಬೇಕೋ ನಾನು ನೋಡ್ಕೋತೀನಿ. ನಿನ್ನ ಅಂಗಡಿಗೂ ಅದೇ ಒಳ್ಳೇದು, ಯೋಚನೆ ಮಾಡು."

ಆತ ಯೋಚನೆ ಮಾಡಲಿಲ್ಲ. ಅರ್ಧ ಮಾತಿನ ಫಲ ಎದುರಿಗೆ ಗಾಲಿಕುರ್ಚಿಯಲ್ಲಿ ಕೂತು ಉಸಿರಿಗಾಗಿ ಬಾಯಿ ಬಾಯಿ ಬಿಡುತ್ತಿತ್ತು. ಮೊಣಕೈ ಕೊಡವಿಕೊಂಡು ಬಂದು, ಇಡೀ ಹಜಾರಕ್ಕೆ ಕೇಳುವ ಹಾಗೆ, ಜೀವಮಾನದಲ್ಲಿ ಎಂದೂ ಎತ್ತದ ದನಿಯಲ್ಲಿ ಹೇಳಿದ: "ಡಾಕ್ಟರಮ್ಮಾ, ಈ ಕಲ್ಲಲ್ಲಿ ವಿಷದ ಹವಳ ಇತ್ತು. ಕುದಿಸಿ ಅದರ ಆವಿ ಕುಡಿದಿದ್ದಾರೆ. ಕುದಿಸಿದರೆ ವಿಷ ಏಳುತ್ತೆ ಅಂತ ನನಗೆ ಗೊತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಆ ಕೋಣೆಗೆ ಇನ್ನೂ ಯಾರಾದರೂ ಹೋಗಿದ್ದರೆ ಅವರನ್ನೂ ನೋಡಿ."

ಕುರ್ಚಿ ಜೋಡಿಸುತ್ತಿದ್ದವರ ಕೈ ನಿಂತಿತು. ಡಾಕ್ಟರಮ್ಮ ಆ ವಿಷದ ಹೆಸರೇ ಕೇಳಿರಲಿಲ್ಲ. ಕೇಳಿಲ್ಲ ಎಂದು ಒಪ್ಪಿಕೊಂಡರು. ಅವರ ಬಗ್ಗೆ ನನಗೆ ಗೌರವವಿರುವುದು ಅದಕ್ಕೇ. ಆಮ್ಲಜನಕ ಹಾಕಿಸಿ, ಫೋನಿನಲ್ಲಿ ಹುಡುಕಿ ಓದಿ, ದೊಡ್ಡ ಡಾಕ್ಟರನ್ನು ಕರೆಸಿ, ಮೇಲಿನ ಮಹಡಿಗೆ ಸೇರಿಸಿದರು. ಈ ವಿಷಕ್ಕೆ ಮದ್ದಿಲ್ಲ, ದೇಹ ತಾನೇ ಗೆಲ್ಲುವ ತನಕ ಉಸಿರು ನಿಲ್ಲದಂತೆ ನೋಡಿಕೊಳ್ಳಬಹುದು ಅಷ್ಟೇ ಅಂದರು. ಕ್ಯಾಂಟೀನಿನ ಹೆಂಗಸನ್ನೂ ಹುಡುಕಿಸಿದರು. ಅವಳು ಮನೆಯಲ್ಲಿ ನಡುಗುತ್ತ ಮಲಗಿದ್ದಳು. ಎರಡು ದಿನದಲ್ಲಿ ಚೇತರಿಸಿಕೊಂಡಳು.

ಸೋಮವಾರ ಉದ್ಘಾಟನೆ ಸಾಂಗವಾಗಿ ನಡೆಯಿತು. ಮುಖ್ಯ ಅತಿಥಿ ತೊಟ್ಟಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಎಷ್ಟು ಸ್ವಚ್ಛವಾಗಿದೆ ಅಂದರಂತೆ. ಅದೇ ಹೊತ್ತಿಗೆ ಅವರ ತಲೆಯ ಮೇಲಿನ ಮಹಡಿಯಲ್ಲಿ, ಆ ಸ್ವಚ್ಛತೆ ಮಾಡಿದ ಹೆಂಗಸು ಮುಖಕ್ಕೆ ಕೊಳವೆ ಸಿಕ್ಕಿಸಿಕೊಂಡು, ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವ ಹಾಗೆ ಸೇದುತ್ತಿದ್ದರು.

ಹನ್ನೆರಡನೆಯ ದಿನ ಅವರನ್ನು ಮನೆಗೆ ಕಳಿಸಿದರು. ಜೀವ ಉಳಿಯಿತು. ಶ್ವಾಸಕೋಶ ಉಳಿಯಲಿಲ್ಲ ಅನ್ನಬೇಕು. ಐದು ಮೆಟ್ಟಿಲು ಹತ್ತಲು ಮೂರು ಸಲ ನಿಲ್ಲಬೇಕು. ಮುಂದೆ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದು ಡಾಕ್ಟರಮ್ಮ ಹೇಳಿದರು. ನೆಲ ಒರೆಸುವ ಕೆಲಸವಂತೂ ಮುಗಿಯಿತು. ಪರಿಹಾರಕ್ಕೆ ಅರ್ಜಿ ಕೊಟ್ಟದ್ದಕ್ಕೆ ಆಸ್ಪತ್ರೆಯಿಂದ ಬಂದ ಉತ್ತರವನ್ನು ನಾನು ಕಣ್ಣಾರೆ ನೋಡಿದ್ದೇನೆ. "ಸದರಿ ಸಿಬ್ಬಂದಿಯು ಸ್ವಂತ ಇಚ್ಛೆಯಿಂದ ಮುಂದೆ ಬಂದು ಸದರಿ ಕೆಲಸವನ್ನು ನಿರ್ವಹಿಸಿರುತ್ತಾರೆ." ಸ್ವಂತ ಇಚ್ಛೆ! ಅವರು ಒಂದು ಹೆಜ್ಜೆ ಮುಂದೆ ಬಂದದ್ದು ನಿಜ. ಮೈದುನನ ಕೆಲಸ ತೆಗೆಯುತ್ತೇನೆ ಎಂದು ಹೆದರಿಸಿ, ಕಿಟಕಿಯಿಲ್ಲದ ಕೋಣೆ ತೋರಿಸಿ, ಆಮೇಲೆ ಆ ಒಂದು ಹೆಜ್ಜೆಗೆ ಇಚ್ಛೆ ಎಂದು ಹೆಸರಿಟ್ಟವರ ಲೇಖನಿಗೆ ಏನೆನ್ನಬೇಕೋ ನನಗೆ ತಿಳಿಯದು. ಬಡವರ ಪ್ರೀತಿಯನ್ನೂ ಅವರ ವಿರುದ್ಧವೇ ಸಾಕ್ಷಿ ಮಾಡಿಕೊಳ್ಳುವ ಜಾಣತನ ಇದು.

ತೊಟ್ಟಿಯ ಗತಿಯನ್ನೂ ಹೇಳಿಬಿಡುತ್ತೇನೆ. ಕಲ್ಲಿನೊಳಗೆ ಸತ್ತದ್ದೆಲ್ಲ ಕೊಳೆತು, ಹತ್ತೇ ದಿನದಲ್ಲಿ ನೀರು ನಾರಿತು. ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ತೇಲಿದವು. ಈ ಸಲ ಬಂದದ್ದು ಹಸಿರು ಪಾಚಿಯಲ್ಲ. ಹೆಪ್ಪುಗಟ್ಟಿದ ರಕ್ತದ ಬಣ್ಣದ ಲೋಳೆ, ಮರಳನ್ನು, ಕಲ್ಲನ್ನು, ಗಾಜನ್ನು ಚರ್ಮದ ಹಾಗೆ ಹೊದ್ದುಕೊಂಡು ಗುಳ್ಳೆ ಬಿಡುತ್ತಿತ್ತು. ಎರಡು ಕಂಪನಿಯವರು ಬಂದು ಕೈಚೆಲ್ಲಿ ಹೋದರು. ಕೊನೆಗೆ ಮ್ಯಾನೇಜರ್ ನೀರು ಖಾಲಿ ಮಾಡಿಸಿ, ಆ ಜಾಗದಲ್ಲಿ ದೊಡ್ಡ ಟೀವಿ ಹಾಕಿಸಿದ. ಅದರಲ್ಲಿ ದಿನವಿಡೀ ಮೀನು ಈಜುತ್ತವೆ. ಪಾಚಿಯ ತಂಟೆಯಿಲ್ಲ. ಜನಕ್ಕೆ ಇಷ್ಟವಾಗಿದೆಯಂತೆ.

ಅಂಗಡಿಯ ಯಜಮಾನ ಮರುವಾರವೇ ಸಮುದ್ರಣ್ಣನಿಗೆ ಬಾಗಿಲು ತೋರಿಸಿದ. ತಪ್ಪು ಮಾಡಿದ್ದಕ್ಕಲ್ಲ, ಹೇಳಿದ್ದಕ್ಕೆ. ಹಜಾರದಲ್ಲಿ ನಿಂತು ಕೂಗಿದೆಯಲ್ಲೋ, ನಮ್ಮ ಹೊಟ್ಟೆಯ ಮೇಲೆ ಹೊಡೆದೆಯಲ್ಲೋ ಅಂದನಂತೆ. ಈಗ ಆತ ಸ್ವಂತವಾಗಿ ಬಕೆಟ್ಟು ಹೊರುತ್ತಾನೆ. ಹೊಸ ಮನೆಗೆ ಹೋದರೆ ಯಜಮಾನರ ಜೊತೆ ಮಾತಾಡುವ ಮೊದಲು, ಈ ಮನೆಯಲ್ಲಿ ಗುಡಿಸಿ ಒರೆಸುವವರು ಯಾರು, ಅವರನ್ನು ಕರೀರಿ ಅನ್ನುತ್ತಾನೆ. ಅವರು ಕೈ ಒರೆಸಿಕೊಳ್ಳುತ್ತ ಬಂದು ನಿಂತ ಮೇಲೆ ಕಂದು ಗುಂಡಿಯ ಚಿತ್ರ ತೋರಿಸಿ, ವಿಷ ಎಂಬ ಪದವನ್ನು ಒತ್ತಿ ಹೇಳಿ, ಯಾರು ಹೇಳಿದರೂ ಈ ಕಲ್ಲಿಗೆ ಬಿಸಿನೀರು ತೋರಿಸಬೇಡಿ, ನನ್ನನ್ನು ಕರೆಸಿ ಅನ್ನುತ್ತಾನೆ. ಕೇಳಿದ ಯಜಮಾನರು ಬಹಳ ಮಂದಿ, ಯೋಚನೆ ಮಾಡಿ ಹೇಳ್ತೀವಿ ಎಂದು ಬಾಗಿಲು ಮುಚ್ಚುತ್ತಾರೆ. ಮೂರೇ ಮೂರು ತೊಟ್ಟಿ ಉಳಿದಿವೆ. ಈ ಚಿತ್ರದ ಕೆಳಗೆ ನಾಲ್ಕು ಸಾಲು ದಪ್ಪಗೆ ಬರೆದುಕೊಡಿ ಎಂದು ಕೇಳಲು ನನ್ನ ಬಳಿ ಬಂದಿದ್ದ. ನಾನು ಈ ಕಥೆ ಕೇಳಿದ್ದು ಆವತ್ತೇ. ನಾಲ್ಕು ಸಾಲು ಬರೆದುಕೊಟ್ಟೆ. ಅನಿಸಿಕೆಯ ಪುಸ್ತಕದಲ್ಲಿ ಬರೆದ ಸಾಲನ್ನು ಮಾತ್ರ ಅಳಿಸಲಾಗಲಿಲ್ಲ.

ಆಮೇಲೆ ಅತ್ತಿಗೆಯ ಮನೆಗೂ ಹೋಗಿ ಬಂದೆ. ಈಗ ಸಂಜೆಯ ಅಡುಗೆ ಮೈದುನನದು. ಆಕೆ ಬಾಗಿಲ ಬಳಿ ಗಾಳಿ ಬರುವ ಕಡೆ ಕೂತಿರುತ್ತಾರೆ. ಮನೆಗೆ ಬಂದ ಮೊದಲ ವಾರ ಅವರು ಏನೂ ಕೇಳಿರಲಿಲ್ಲವಂತೆ. ಎರಡನೆಯ ವಾರ ಊಟವಾದ ಮೇಲೆ ಹಳೆಯ ತಗಡಿನ ಡಬ್ಬಿಯನ್ನು ಅಭ್ಯಾಸಬಲದಿಂದ ಆತನ ಮುಂದೆ ತಳ್ಳಿದರು. ತಳ್ಳಿದ ಕೈ ಅಲ್ಲೇ ನಿಂತಿತು. ಹೊಳೆದದ್ದು ಆಗ.

"ಕೈಗವಸು ಉಪ್ಪಿಗಲ್ಲ ಅಲ್ವಾ?"

ಆತ ಅಲ್ಲವೆಂದು ತಲೆಯಾಡಿಸಿದ.

"ಊರಲ್ಲಿ ಕಸ ಗುಡಿಸೋರಿಗೆಲ್ಲ ಕರೆದು ಕರೆದು ಹೇಳ್ತಾ ಇದ್ದೀಯಂತೆ." ಉಸಿರು ತೆಗೆದುಕೊಳ್ಳಲು ನಿಂತರು. "ದಿನಾ ಇಲ್ಲೇ ಕೂತು ಉಣ್ತಿದ್ದೆಯಲ್ಲ. ನನಗೊಬ್ಬಳಿಗೆ ಹೇಳಿದ್ರೆ ಸಾಕಿತ್ತು."

ಅತ್ತಿಗೆ ಡಬ್ಬಿಯನ್ನು ವಾಪಸು ಎಳೆದುಕೊಂಡು ಮುಚ್ಚಳ ಬಿಗಿದು ಕಪಾಟಿನಲ್ಲಿಟ್ಟರು. ಜಗಳವಾಡಲಿಲ್ಲ, ಅಳಲಿಲ್ಲ. ಆತ ಮಾಡಿಹಾಕಿದ್ದನ್ನು ಈಗಲೂ ಉಣ್ಣುತ್ತಾರೆ, ಔಷಧಿ ಕೊಟ್ಟರೆ ತೆಗೆದುಕೊಳ್ಳುತ್ತಾರೆ, ಉಪ್ಪು ಸಾಲದಿದ್ದರೆ ಸಾಲದು ಅನ್ನುತ್ತಾರೆ. ನಾನಿದ್ದ ಅರ್ಧ ಗಂಟೆಯಲ್ಲಿ ಎರಡು ಸಲ ಆತನನ್ನು ಕರೆದರು. ಒಮ್ಮೆ ನೀರಿಗೆ, ಒಮ್ಮೆ ಬಾಗಿಲು ಇನ್ನಷ್ಟು ತೆರೆಯಲು. ಎರಡು ಸಲವೂ ಶಾಲೆಯ ಹಾಜರಿಯಲ್ಲಿ ಕೂಗುವ ಹಾಗೆ, ಆತನ ನಿಜವಾದ ಹೆಸರು ಹಿಡಿದೇ ಕರೆದರು.